ಲಾಡ್ಜ್, ಹೋಮ್‌ಸ್ಟೇ, ಪಿಜಿ: ತಂಗುವ ಜಾಗದ ನಿಯಮಗಳು ಏಕೆ ಹೊಸದಾಗಬೇಕು?



ನಮ್ಮ ವ್ಯವಹಾರ ಅಧ್ಯಯನ ಪುಸ್ತಕದ ‘ವ್ಯವಹಾರ ಪರಿಸರ’ ಪಾಠದಲ್ಲಿ ಐದು ಆಯಾಮಗಳನ್ನು ಓದಿದ್ದೇವೆ: ಆರ್ಥಿಕ, ಸಾಮಾಜಿಕ, ತಾಂತ್ರಿಕ, ರಾಜಕೀಯ ಮತ್ತು ಕಾನೂನು. ಪರೀಕ್ಷೆಯಲ್ಲಿ ‘ಕಾನೂನು ಪರಿಸರಕ್ಕೆ ಒಂದು ಉದಾಹರಣೆ ಕೊಡಿ’ ಎಂದರೆ ಎಲ್ಲರೂ ಪುಸ್ತಕದಲ್ಲಿರುವ ಒಂದೇ ಸಾಲನ್ನು ಬರೆಯುತ್ತೇವೆ. ಈ ಲೇಖನದಲ್ಲಿ ನಮ್ಮ ಊರಿನಲ್ಲೇ ಕಣ್ಣಿಗೆ ಬೀಳುವ ಉದಾಹರಣೆಯನ್ನು ತೆಗೆದುಕೊಂಡಿದ್ದೇನೆ. ಮಂಡ್ಯ ಬಸ್ ನಿಲ್ದಾಣದ ಸುತ್ತಲಿನ ಲಾಡ್ಜ್‌ಗಳು, ಮದ್ದೂರಿನ ಹಳೆಯ ಹೆದ್ದಾರಿಯ ವಸತಿಗೃಹಗಳು, ಮಳವಳ್ಳಿಯಿಂದ ಶಿವನಸಮುದ್ರ ಮತ್ತು ಮುತ್ತತ್ತಿಗೆ ಹೋಗುವ ದಾರಿಯ ಹೋಮ್‌ಸ್ಟೇಗಳು, ವಿದ್ಯಾರ್ಥಿಗಳಿರುವ ಪಿಜಿಗಳು. ಇವೆಲ್ಲ ದುಡ್ಡು ಪಡೆದು ಜನರನ್ನು ಮಲಗಿಸುವ ವ್ಯವಹಾರಗಳು. ಮಲಗಿದವರ ಆರೋಗ್ಯ ಮತ್ತು ಪ್ರಾಣದ ಬಗ್ಗೆ ಕಾನೂನು ಏನು ಹೇಳುತ್ತದೆ? ಆ ಕಾನೂನು ಈ ಕಾಲಕ್ಕೆ ಸಾಕೇ?

ಈ ಪ್ರಶ್ನೆ ಪರೀಕ್ಷೆಗೆ ಬಾರದೇ ಇರಬಹುದು. ಆದರೆ ಫಲಿತಾಂಶ ಬಂದ ಮೇಲೆ ಬಿ.ಕಾಂ.ಗೋ ಸಿ.ಎ.ಗೋ ಬೆಂಗಳೂರು, ಮೈಸೂರಿಗೆ ಹೊರಡುವ ನಮ್ಮಲ್ಲಿ ಹಲವರಿಗೆ ಮೊದಲ ವಾರದಲ್ಲೇ ಎದುರಾಗುತ್ತದೆ.

ಸರಾಯಿಯ ಕಾಲದ ಕಾಯ್ದೆ

ನಮ್ಮ ಮನೆಗಳಲ್ಲಿ ಉರ್ದು ಮಾತಾಡುವಾಗ ‘ಮುಸಾಫಿರ್’, ‘ಸರಾಯ್’ ಎಂಬ ಪದಗಳು ಸಹಜವಾಗಿ ಬರುತ್ತವೆ. ಕನ್ನಡದಲ್ಲಿ ಇದಕ್ಕೆ ಛತ್ರ ಎಂಬ ಪದವಿದೆ. ದಾರಿಹೋಕನಿಗೆ ರಾತ್ರಿ ಆಸರೆ ಕೊಡುವುದು ಪುಣ್ಯದ ಕೆಲಸ ಎಂದು ಎರಡೂ ಭಾಷೆಯವರು ತಿಳಿದಿದ್ದರು. ಅದು ಬರೀ ಪುಣ್ಯದ ಕೆಲಸವಾಗಿ ಉಳಿಯದೆ ಕಾನೂನಿನ ವಿಷಯವೂ ಆಗಿದ್ದು ಬ್ರಿಟಿಷರ ಆಡಳಿತದಲ್ಲಿ, 1867ರ ಸರಾಯಿ ಕಾಯ್ದೆಯಿಂದ.

ಆ ಕಾಯ್ದೆಯಲ್ಲಿ ಸರಾಯಿ ನಡೆಸುವವನ ಕರ್ತವ್ಯಗಳ ಪಟ್ಟಿಯೇ ಇತ್ತು. ತಂಗಿದವರಿಗೆ ಸಾಂಕ್ರಾಮಿಕ ರೋಗ ಬಂದರೆ ಕೂಡಲೇ ಪೊಲೀಸ್ ಠಾಣೆಗೆ ತಿಳಿಸಬೇಕು. ಕೋಣೆ, ಜಗಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು. ಬಾಗಿಲು, ಗೋಡೆ, ಚಾವಣಿ ದುರಸ್ತಿಯಲ್ಲಿರಬೇಕು. ಕಾವಲುಗಾರರನ್ನು ಇಡಬೇಕು. ದರಪಟ್ಟಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಕಳ್ಳರು ಹತ್ತಿ ಬರಲು ಅನುಕೂಲವಾಗುವ ಮರದ ಕೊಂಬೆಗಳನ್ನೂ ಕಡಿಸಬೇಕು! ತಪ್ಪಿದರೆ ದಂಡ ಹೆಚ್ಚೆಂದರೆ ₹20.

ಇದನ್ನು ಓದಿದಾಗ ನನಗೆ ಎರಡು ವಿಷಯ ಹೊಳೆದವು. ಒಂದು, ಆ ಕಾಲದ ಅಪಾಯಗಳನ್ನು ಅವರು ಸರಿಯಾಗಿಯೇ ಗುರುತಿಸಿದ್ದರು: ಕಾಲರಾದಂತಹ ರೋಗ, ಕೊಳಕು ನೀರು, ಕಳ್ಳರು, ಮೋಸದ ದರ. ಎರಡು, ಅಪಾಯ ಬದಲಾದಾಗ ಕಾಯ್ದೆ ತಾನಾಗಿ ಬದಲಾಗುವುದಿಲ್ಲ. ಮರದ ಕೊಂಬೆಯ ಬಗ್ಗೆ ಬರೆದವರಿಗೆ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಗೊತ್ತಿರಲಿಲ್ಲ. ₹20 ಆಗ ದೊಡ್ಡ ಮೊತ್ತ. ಕಾಯ್ದೆಯಲ್ಲಿ ಅಂಕಿ ಬರೆದಿಟ್ಟು ಮರೆತರೆ ಹಣದುಬ್ಬರ ಆ ದಂಡವನ್ನು ತಿಂದುಹಾಕುತ್ತದೆ. ‘ನಿಯಮ ನವೀಕರಣ’ ಎಂದರೆ ಇದೇ: ಇಂದಿನ ಅಪಾಯಕ್ಕೂ ಇಂದಿನ ಬೆಲೆಗೂ ನಿಯಮವನ್ನು ಹೊಂದಿಸುವುದು.

ಒಂದು ಕೋಣೆ, ಹಲವು ಇಲಾಖೆ

ಇಂದು ಲಾಡ್ಜ್ ತೆರೆಯಲು ಒಂದೇ ಕಾನೂನು ಎಂಬುದಿಲ್ಲ. ಪಟ್ಟಣದಲ್ಲಿ ವ್ಯಾಪಾರ ಪರವಾನಗಿ ಕೊಡುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಕೆಳಗೆ ಸ್ಥಳೀಯ ಸಂಸ್ಥೆ. ಹಳ್ಳಿಯಲ್ಲಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ಗ್ರಾಮ ಪಂಚಾಯಿತಿ. ಅಡುಗೆಮನೆ ಇದ್ದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ನೋಂದಣಿ ಅಥವಾ ಪರವಾನಗಿ. ಬೆಂಕಿಯ ವಿಷಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯದು. ತಂಗುವವರ ರಿಜಿಸ್ಟರ್ ಪೊಲೀಸರು ನೋಡುತ್ತಾರೆ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಸಲ್ಲಿಸಬೇಕು. ಹೋಮ್‌ಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯಲ್ಲಿ. ಸೊಳ್ಳೆ ಮತ್ತು ಸಾಂಕ್ರಾಮಿಕ ರೋಗ ಆರೋಗ್ಯ ಇಲಾಖೆಯ ಪಾಲು. ತೆರಿಗೆ ಇಲಾಖೆಯಂತೂ ಇದ್ದೇ ಇದೆ.

ಇಷ್ಟು ಇಲಾಖೆಗಳಿದ್ದರೆ ಸುರಕ್ಷತೆ ಹೆಚ್ಚಬೇಕಲ್ಲವೇ? ಹಾಗೇನೂ ಆಗಬೇಕಿಲ್ಲ. ಪ್ರತಿಯೊಬ್ಬರೂ ತಮ್ಮ ಕಾಗದವನ್ನಷ್ಟೇ ನೋಡಿದರೆ, ಕಟ್ಟಡವನ್ನು ಒಟ್ಟಾಗಿ ನೋಡುವವರು ಯಾರೂ ಇರುವುದಿಲ್ಲ. ನಿರ್ವಹಣೆಯ ತತ್ವಗಳಲ್ಲಿ ಹೆನ್ರಿ ಫೆಯೋಲ್ ಹೇಳಿದ ‘ಆದೇಶದ ಏಕತೆ’ ಎಂಬುದು ಏಕೆ ಮುಖ್ಯ ಎಂದು ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಕಟ್ಟಡದ ತಾಂತ್ರಿಕ ಅಂಶಗಳಿಗೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ. ಲಾಡ್ಜ್‌ಗಳು, ಡಾರ್ಮಿಟರಿಗಳು, ಹೋಟೆಲ್‌ಗಳು ಎಲ್ಲವೂ ಅದರಲ್ಲಿ ವಸತಿ ಕಟ್ಟಡಗಳ ಗುಂಪಿನಲ್ಲೇ ಬೇರೆ ಬೇರೆ ಉಪವರ್ಗಗಳು. ಹೊರಹೋಗುವ ಬಾಗಿಲು ಹೊರಗಡೆಗೆ ತೆರೆಯಬೇಕು, ಬೀಗದ ಕೈ ಇಲ್ಲದೆ ಒಳಗಿನಿಂದ ತೆರೆಯುವಂತಿರಬೇಕು ಎನ್ನುತ್ತದೆ ಸಂಹಿತೆ. ಎತ್ತರದ ಕಟ್ಟಡ ಎಂದು ಅದು ಕರೆಯುವುದು 15 ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನದನ್ನು. ಕಠಿಣವಾದ ಷರತ್ತುಗಳಲ್ಲಿ ಹಲವು ಅಂಥ ಕಟ್ಟಡಗಳಿಗೆ. ನಮ್ಮ ಪಟ್ಟಣಗಳ ಸಾಮಾನ್ಯ ಲಾಡ್ಜ್ ಮೂರು ಅಥವಾ ನಾಲ್ಕು ಅಂತಸ್ತಿನದು. ಎತ್ತರದಿಂದ ನೋಡಿದರೆ ಅದು ಚಿಕ್ಕದು. ಆದರೆ ಮೂರನೇ ಅಂತಸ್ತಿನಲ್ಲಿ ಮಲಗಿರುವ ಅಪರಿಚಿತನಿಗೆ ಮೆಟ್ಟಿಲು ಎಲ್ಲಿದೆ ಎಂದೂ ಕತ್ತಲಲ್ಲಿ ತಿಳಿಯದು. ಮನೆಗೂ ಲಾಡ್ಜ್‌ಗೂ ಇರುವ ವ್ಯತ್ಯಾಸ ಇದೇ. ಎತ್ತರವೊಂದನ್ನೇ ಅಳತೆಗೋಲು ಮಾಡಿಕೊಂಡರೆ ಈ ವ್ಯತ್ಯಾಸ ಕಾಣುವುದಿಲ್ಲ.

ದುರಂತವಾದ ಮೇಲೆ ಬರುವ ನಿಯಮ

ಪ್ರಪಂಚದ ಯಾವ ದೇಶ ನೋಡಿದರೂ ತಂಗುವ ಜಾಗದ ನಿಯಮಗಳು ದುರಂತದ ನಂತರವೇ ಗಟ್ಟಿಯಾಗಿವೆ. ಇಂಗ್ಲೆಂಡಿನ ಸ್ಯಾಫ್ರನ್ ವಾಲ್ಡನ್ ಎಂಬ ಸಣ್ಣ ಪಟ್ಟಣದ ಹೋಟೆಲಿನಲ್ಲಿ 1969ರ ಡಿಸೆಂಬರ್ 26ರಂದು ಬೆಂಕಿ ಬಿದ್ದು 11 ಜನ ತೀರಿಕೊಂಡರು. 1971ರಲ್ಲಿ ಅಲ್ಲಿ ಅಗ್ನಿ ಮುನ್ನೆಚ್ಚರಿಕೆ ಕಾಯ್ದೆ ಬಂತು. ಅದರಡಿ ಮೊದಲು ಪ್ರಮಾಣಪತ್ರ ಪಡೆಯಬೇಕಾದವು ಹೋಟೆಲು ಮತ್ತು ವಸತಿಗೃಹಗಳು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ವಿಚಿತ್ರ ನ್ಯುಮೋನಿಯಾ ಹರಡಿ ಸುಮಾರು 30 ಮಂದಿ ಸತ್ತರು. ಮರುವರ್ಷ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾಯಿತು, ಹೆಸರು ಲೀಜಿಯೊನೆಲ್ಲ. ಉಗುರುಬೆಚ್ಚಗಿನ ನಿಂತ ನೀರಿನಲ್ಲಿ, ಅಂದರೆ ತೊಳೆಯದ ತೊಟ್ಟಿ, ಪೈಪು, ಷವರ್‌ಗಳಲ್ಲಿ ಅದು ಬೆಳೆಯುತ್ತದೆ. ಹೋಟೆಲಿನ ನೀರಿನ ವ್ಯವಸ್ಥೆಯೂ ಆರೋಗ್ಯದ ಪ್ರಶ್ನೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ.

ನಮ್ಮ ದೇಶದ ಪಟ್ಟಿ ಇನ್ನೂ ಹತ್ತಿರದ್ದು. 2019ರ ಫೆಬ್ರವರಿ 12ರ ಬೆಳಗಿನ ಜಾವ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದರಲ್ಲಿ 17 ಜನ ಸತ್ತರು. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ, ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯ ಮೇಲಿದ್ದ ಲಾಡ್ಜಿಗೆ ಹೊಗೆ ನುಗ್ಗಿ 8 ಜನ ಸತ್ತರು. 2025ರ ಏಪ್ರಿಲ್ 29ರ ರಾತ್ರಿ ಕೋಲ್ಕತ್ತದ ಹೋಟೆಲಿನಲ್ಲಿ 14 ಜನ, ಹೆಚ್ಚಿನವರು ಉಸಿರುಗಟ್ಟಿ.

ಈ ಮೂರರಲ್ಲೂ ಗಮನಿಸಬೇಕಾದದ್ದು ಹೊಗೆ. ಬೆಂಕಿ ತಲುಪುವ ಮೊದಲೇ ಹೊಗೆ ತಲುಪುತ್ತದೆ. ನಿದ್ದೆಯಲ್ಲಿರುವವನನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಎಂದು ನಂಬಿ ಕೂರುವಂತಿಲ್ಲ. ಶಬ್ದ ಮಾಡುವ ಸಾಧನವೇ ಎಬ್ಬಿಸಬೇಕು. ಸಿಕಂದರಾಬಾದಿನ ಘಟನೆ ಹೊಸ ಪಾಠವೊಂದನ್ನೂ ಕಲಿಸಿತು. ಲಿಥಿಯಂ ಬ್ಯಾಟರಿಯ ಸ್ಕೂಟರ್ ಇಂದು ನಮ್ಮ ಊರುಗಳಲ್ಲೂ ಸಾಮಾನ್ಯ. ಅದನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಚಾರ್ಜ್ ಹಾಕಿದರೆ, ಬೆಂಕಿ ಹುಟ್ಟುವ ಜಾಗವೂ ಜನ ಓಡಿ ಬರುವ ದಾರಿಯೂ ಒಂದೇ ಆಗುತ್ತದೆ. ಹತ್ತು ವರ್ಷದ ಹಿಂದೆ ನಿಯಮ ಬರೆದವರು ಈ ಅಪಾಯವನ್ನು ಊಹಿಸಿರಲಿಕ್ಕಿಲ್ಲ.

ಸಾಯುವವರು ಅತಿಥಿಗಳು ಮಾತ್ರವಲ್ಲ. 2018ರ ಜನವರಿ 8ರಂದು ಬೆಂಗಳೂರಿನ ಕಲಾಸಿಪಾಳ್ಯದ ಬಾರ್ ಒಂದರಲ್ಲಿ ಬೆಂಕಿ ಹತ್ತಿದಾಗ ಸತ್ತ 5 ಜನರೂ ಅಲ್ಲೇ ಮಲಗಿದ್ದ ಕೆಲಸಗಾರರು. ಅದು ವಸತಿಗೃಹವಲ್ಲ, ಆದರೆ ರಾತ್ರಿ ಅದು ಐವರ ಮನೆಯಾಗಿತ್ತು. ಇದನ್ನು ಓದಿದಾಗ ನನಗೆ ನನ್ನ ಮಾಮ ನೆನಪಾದರು. ಅವರು ಒಂದು ಲಾಡ್ಜಿನಲ್ಲಿ ರಾತ್ರಿ ಪಾಳಿಯ ರಿಸೆಪ್ಷನ್ ಕೆಲಸ ಮಾಡುತ್ತಾರೆ. ಹಿಂಬಾಗಿಲ ಬೀಗದ ಕೈ ಎಲ್ಲಿರುತ್ತದೆ ಎಂದು ಕೇಳಿದೆ. “ಮಾಲೀಕರ ಮನೆಯಲ್ಲಿ. ಗಿರಾಕಿಗಳು ಬಾಡಿಗೆ ಕೊಡದೆ ಹಿಂದಿನಿಂದ ಹೋಗಬಾರದಲ್ಲ” ಎಂದರು. ವ್ಯಾಪಾರದ ದೃಷ್ಟಿಯಿಂದ ಆ ಭಯ ಸುಳ್ಳಲ್ಲ. ಆದರೆ ಒಂದು ದಿನದ ಬಾಡಿಗೆ ಉಳಿಸಲು ಹಾಕಿದ ಬೀಗ ಎಷ್ಟು ಜನರ ದಾರಿ ಮುಚ್ಚಿದೆ? ಅತಿಥಿ ಒಂದು ರಾತ್ರಿ ಇದ್ದು ಹೋಗುತ್ತಾನೆ, ಮಾಮ ತಿಂಗಳಿಗೆ ಇಪ್ಪತ್ತಾರು ರಾತ್ರಿ ಆ ಬೀಗದ ಒಳಗೆ ಇರುತ್ತಾರೆ. ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದರೆ ಗಂಟೆ ಬಾರಿಸುವ ಬಾಗಿಲುಗಳು ಈಗ ಸಿಗುತ್ತವೆ. ಬಾಡಿಗೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಕರ್ನಾಟಕದಲ್ಲಿ ನವೀಕರಣವಾದ ಎರಡು ನಿಯಮಗಳು

ನಮ್ಮ ರಾಜ್ಯದಲ್ಲಿ ಏನೂ ಬದಲಾಗಿಲ್ಲ ಎನ್ನುವುದು ಸರಿಯಲ್ಲ. 2024ರಲ್ಲೇ ಎರಡು ಒಳ್ಳೆಯ ಉದಾಹರಣೆಗಳಿವೆ.

ಮೊದಲನೆಯದು ಡೆಂಗಿ. 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಕೆಳಗಿನ ನಿಯಮಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾಗಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಗೊತ್ತುಪಡಿಸಲಾಯಿತು. ಮನೆಗಳಿಗೆ ನಗರದಲ್ಲಿ ₹400, ಹಳ್ಳಿಯಲ್ಲಿ ₹200. ಹೋಟೆಲ್, ಲಾಡ್ಜ್, ರೆಸಾರ್ಟ್, ಹೋಮ್‌ಸ್ಟೇ, ಅಂಗಡಿ, ಶಾಲಾ ಕಾಲೇಜುಗಳಿಗೆ ನಗರದಲ್ಲಿ ₹1,000, ಹಳ್ಳಿಯಲ್ಲಿ ₹500. ಕಟ್ಟಡ ನಿರ್ಮಾಣದ ಜಾಗ ಮತ್ತು ಖಾಲಿ ನಿವೇಶನಗಳಿಗೆ ₹2,000 ಮತ್ತು ₹1,000. ಸರಿಪಡಿಸದೆ ಹಾಗೇ ಬಿಟ್ಟರೆ ಪ್ರತಿ ವಾರಕ್ಕೆ ಮೂಲ ದಂಡದ ಶೇ. 50ರಷ್ಟು ಹೆಚ್ಚುವರಿ. ಎಳನೀರು ಮಾರುವವರ ಹೆಸರೂ ಆ ಪಟ್ಟಿಯಲ್ಲಿದೆ. ದೊಡ್ಡ ಎಳನೀರು ಮಾರುಕಟ್ಟೆ ಇರುವ ಮದ್ದೂರಿನವರಿಗೆ ಇದರ ಕಾರಣ ಹೇಳಬೇಕಿಲ್ಲ: ಬಿಸಾಡಿದ ಬುರುಡೆಯಲ್ಲಿ ನಿಂತ ಮಳೆನೀರು ಸಾಕು.

ಈ ನಿಯಮದ ರಚನೆ ನೋಡಿ. ಸರಾಯಿ ಕಾಯ್ದೆಯ ‘ಶುಚಿಯಾಗಿಡಬೇಕು’ ಎಂಬ ಮಾತಿಗೆ ಅಳತೆ ಇರಲಿಲ್ಲ. ಇಲ್ಲಿ ನೋಡುವುದು ನಿಂತ ನೀರಿನಲ್ಲಿ ಸೊಳ್ಳೆಯ ಮರಿ ಇದೆಯೇ ಇಲ್ಲವೇ ಎಂಬುದನ್ನು. ಹೋಮ್‌ಸ್ಟೇ ಎಂಬ ಹೊಸ ವ್ಯವಹಾರದ ಹೆಸರು ಸೇರಿದೆ. ಹಳ್ಳಿ ಮತ್ತು ನಗರಕ್ಕೆ ಬೇರೆ ದರ. ಉದಾಸೀನ ಮುಂದುವರಿದರೆ ದಂಡವೂ ಬೆಳೆಯುತ್ತದೆ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ತೊಟ್ಟಿ ಒಣಗಿಸಿ ಉಜ್ಜಿದರೆ ಸಾಕು. ವಾರದ ಲೆಕ್ಕದ ದಂಡಕ್ಕೂ ಸೊಳ್ಳೆಯ ವಾರದ ಲೆಕ್ಕಕ್ಕೂ ಹೊಂದಾಣಿಕೆ ಇದೆ.

ಎರಡನೆಯದು ಬೆಂಗಳೂರಿನ ಪಿಜಿಗಳು. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರ ಒಳಗೇ ಯುವತಿಯೊಬ್ಬರ ಕೊಲೆಯಾಯಿತು. ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಮುಖ್ಯ ಅಂಶಗಳು ಇವು: ಪ್ರವೇಶ ಮತ್ತು ನಿರ್ಗಮನದಲ್ಲಿ ಸಿಸಿಟಿವಿ, ದೃಶ್ಯಗಳನ್ನು 90 ದಿನ ಉಳಿಸಿಡಬೇಕು; ಒಬ್ಬ ನಿವಾಸಿಗೆ ಕನಿಷ್ಠ 70 ಚದರ ಅಡಿ; ಶುಚಿಯಾದ ಸ್ನಾನಗೃಹ, ಶೌಚಾಲಯ; ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು; ಅಡುಗೆಮನೆ ಇದ್ದರೆ ಆಹಾರ ಸುರಕ್ಷತಾ ಪರವಾನಗಿ; ಅಗ್ನಿಶಾಮಕ ಇಲಾಖೆಯ ಅನುಮತಿ; ದಿನದ 24 ಗಂಟೆಯೂ ಒಬ್ಬ ಕಾವಲುಗಾರ; ಸಹಾಯವಾಣಿಗಳ ಫಲಕ; ಪ್ರಥಮ ಚಿಕಿತ್ಸೆ ಪೆಟ್ಟಿಗೆ.

ಲೆಕ್ಕ ಹಾಕೋಣ. 10 ಅಡಿಗೆ 12 ಅಡಿಯ ಕೋಣೆ 120 ಚದರ ಅಡಿ. ಅದನ್ನು 70ರಿಂದ ಭಾಗಿಸಿದರೆ 1.71. ಅಂದರೆ ಒಬ್ಬರಿಗೆ ಮಾತ್ರ ಜಾಗ! ‘ಫೋರ್ ಶೇರಿಂಗ್’ ಎಂದು ಬೋರ್ಡ್ ಹಾಕುವ ಕೋಣೆ ನಿಯಮದಂತೆ 280 ಚದರ ಅಡಿ ಇರಬೇಕು, ಉದಾಹರಣೆಗೆ 14 ಅಡಿಗೆ 20 ಅಡಿ. ಹಾಗೆಯೇ 30 ಜನರಿರುವ ಪಿಜಿಗೆ ದಿನಕ್ಕೆ 4,050 ಲೀಟರ್ ನೀರು ಬೇಕು. ಮಾಳಿಗೆಯ ಮೇಲೆ 1,000 ಲೀಟರಿನ ಒಂದೇ ತೊಟ್ಟಿ ಇದ್ದರೆ ಅದನ್ನು ದಿನಕ್ಕೆ ನಾಲ್ಕು ಸಲಕ್ಕೂ ಹೆಚ್ಚು ತುಂಬಿಸಬೇಕು.

ಆದರೆ ಈ ಮಾರ್ಗಸೂಚಿ ಬೆಂಗಳೂರಿಗೆ ಮಾತ್ರ ಹೊರಟದ್ದು. ಮಂಡ್ಯದಲ್ಲಿ ವೈದ್ಯಕೀಯ ಕಾಲೇಜಿದೆ, 1962ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಹಳ್ಳಿಗಳಿಂದ ಬಂದು ರೂಮು, ಪಿಜಿ ಹಿಡಿದಿರುವ ವಿದ್ಯಾರ್ಥಿಗಳು ಇಲ್ಲೂ ಇದ್ದಾರೆ. ಕೋರಮಂಗಲದ ವಿದ್ಯಾರ್ಥಿನಿಗೆ 70 ಚದರ ಅಡಿ ಬೇಕಾದರೆ ಮಳವಳ್ಳಿಯಿಂದ ಮಂಡ್ಯಕ್ಕೆ ಬಂದ ವಿದ್ಯಾರ್ಥಿನಿಗೆ ಏಕೆ ಬೇಡ? ಒಂದು ನಗರದ ಮಾರ್ಗಸೂಚಿಯನ್ನು ಇಡೀ ರಾಜ್ಯದ ನಿಯಮವನ್ನಾಗಿ ಮಾಡುವುದೇ ಮುಂದಿನ ಹೆಜ್ಜೆ.

ನಮ್ಮ ಮೂರು ತಾಲ್ಲೂಕು, ಮೂರು ಬಗೆಯ ಸಮಸ್ಯೆ

ಮಂಡ್ಯ: ಇಲ್ಲಿನ ಪ್ರಶ್ನೆ ಹಳೆಯ ಕಟ್ಟಡಗಳದ್ದು. ಕೆಳಗೆ ಅಂಗಡಿ, ಮೇಲೆ ಲಾಡ್ಜ್, ಮಧ್ಯೆ ಒಂದೇ ಇಕ್ಕಟ್ಟಾದ ಮೆಟ್ಟಿಲು ಎಂಬ ಮಾದರಿ ಎಲ್ಲ ಪಟ್ಟಣಗಳಲ್ಲೂ ಇದೆ. ಹೊಸ ಕಟ್ಟಡಕ್ಕೆ ನಿಯಮ ಬರೆಯುವುದು ಸುಲಭ. ನಿಂತಿರುವ ಕಟ್ಟಡಕ್ಕೆ ಎರಡನೇ ಮೆಟ್ಟಿಲು ಎಲ್ಲಿ ಕಟ್ಟುವುದು? ಅಂಥಲ್ಲಿ ಹೊರಗೋಡೆಗೆ ಕಬ್ಬಿಣದ ಮೆಟ್ಟಿಲು, ಪ್ರತಿ ಕೋಣೆಗೆ ಹೊಗೆ ಸೂಚಕ, ಕಿಟಕಿ ಮುಚ್ಚದಿರುವುದು ಎಂಬ ಬದಲಿ ದಾರಿಗಳನ್ನು ನಿಯಮವೇ ತೋರಿಸಬೇಕು.

ಮದ್ದೂರು: 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ವಾಹನಗಳು ಊರ ಹೊರಗಿನಿಂದಲೇ ಹೋಗತೊಡಗಿದವು. ವಡೆ ತಿನ್ನಲು ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದ ಮೇಲೆ ಹಳೆಯ ರಸ್ತೆಯ ಹೋಟೆಲು, ವಸತಿಗೃಹಗಳ ಆದಾಯಕ್ಕೂ ಪೆಟ್ಟು ಬಿತ್ತು. ಆದಾಯ ಇಳಿದಾಗ ಮಾಲೀಕರು ಮೊದಲು ಕಡಿತ ಮಾಡುವುದು ಕಣ್ಣಿಗೆ ಕಾಣದ ಖರ್ಚನ್ನು: ವೈರಿಂಗ್ ದುರಸ್ತಿ, ತೊಟ್ಟಿ ತೊಳೆಯುವುದು, ರಾತ್ರಿ ಕಾವಲು.

ಮಳವಳ್ಳಿ: ಇಲ್ಲಿನ ಅಪಾಯ ಗೋಡೆಯ ಹೊರಗೂ ಇದೆ. ಗಗನಚುಕ್ಕಿ, ಮುತ್ತತ್ತಿ, ಭೀಮೇಶ್ವರಿ ಎಲ್ಲವೂ ಕಾವೇರಿಯ ದಡ. ಮೇಲಿನಿಂದ ನೀರು ಬಿಟ್ಟಾಗ ನದಿ ಏರುತ್ತದೆ, ಸುಳಿಗಳು ಹೊಸಬರಿಗೆ ಕಾಣುವುದಿಲ್ಲ. ನದಿಯ ಪಕ್ಕ ಕೋಣೆ ಬಾಡಿಗೆಗೆ ಕೊಡುವವರು ಎಲ್ಲಿ ಇಳಿಯಬಾರದು ಎಂಬ ನಕ್ಷೆಯನ್ನು ಕೋಣೆಯಲ್ಲೇ ಹಾಕಬೇಕಲ್ಲವೇ? ನೀರಿನ ವಿಷಯದಲ್ಲಿ ಉದಾಸೀನದ ಬೆಲೆ ನಮ್ಮ ಭಾಗಕ್ಕೆ ಗೊತ್ತು. 2024ರ ನವೆಂಬರ್ 17ರಂದು ಮಂಗಳೂರು ಬಳಿಯ ಉಚ್ಚಿಲದ ಒಂದು ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಕೊಳದ ಬಳಿ ಜೀವರಕ್ಷಕರಿರಲಿಲ್ಲ, ಆಳ ತೋರಿಸುವ ಗುರುತಿರಲಿಲ್ಲ ಎಂದು ವರದಿಯಾಯಿತು. ಪರವಾನಗಿ ಅಮಾನತಾಯಿತು, ಆದರೆ ಸಾವಿನ ನಂತರ. ಆಳ ಬರೆಯಲು ಒಂದು ಡಬ್ಬಿ ಬಣ್ಣ ಸಾಕಿತ್ತು.

ಮೂರೂ ಕಡೆಗೆ ಸಾಮಾನ್ಯವಾದ ಇನ್ನೊಂದು ಅಪಾಯ ಗ್ಯಾಸ್ ಗೀಸರ್. ಗಾಳಿಯಾಡದ ಸ್ನಾನದ ಮನೆಯಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯ ಎಚ್ಚರ ತಪ್ಪಿದ ಮೇಲೆಯೇ ಹೊರಗಿನವರಿಗೆ ತಿಳಿಯುವುದು. ಗೀಸರನ್ನು ಸ್ನಾನದ ಮನೆಯ ಹೊರಗಿಡಬೇಕು ಎಂಬ ಒಂದೇ ಸಾಲಿನ ನಿಯಮ ಅನೇಕ ಜೀವ ಉಳಿಸಬಲ್ಲದು.

ಖರ್ಚು ಯಾರದು? ಒಂದು ಲೆಕ್ಕ

ಸಣ್ಣ ಲಾಡ್ಜಿನ ಮಾಲೀಕರು ಹೇಳುವ ಮಾತು: “ನಿಯಮ ಹೆಚ್ಚಾದರೆ ಬಾಗಿಲು ಮುಚ್ಚಬೇಕಾಗುತ್ತದೆ.” ಈ ಮಾತನ್ನು ತಳ್ಳಿಹಾಕದೆ ಲೆಕ್ಕ ಮಾಡಿ ನೋಡುವುದು ವಾಣಿಜ್ಯ ವಿದ್ಯಾರ್ಥಿಗಳ ಕೆಲಸ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ.

12 ಕೋಣೆಗಳ ಲಾಡ್ಜ್ ಎಂದುಕೊಳ್ಳೋಣ. ಹೊಗೆ ಸೂಚಕ, ಅಗ್ನಿಶಾಮಕ ಸಿಲಿಂಡರ್, ತುರ್ತು ದೀಪ, ತಳ್ಳಿದರೆ ತೆರೆಯುವ ಬಾಗಿಲು ಎಲ್ಲ ಸೇರಿ ₹60,000. ಬಾಳಿಕೆ 5 ವರ್ಷ, ಉಳಿಕೆ ಮೌಲ್ಯ ಶೂನ್ಯ. ಸಮಕಂತು ಪದ್ಧತಿಯಲ್ಲಿ ವರ್ಷದ ಸವಕಳಿ ₹12,000. ನಿರ್ವಹಣೆಗೆ ವರ್ಷಕ್ಕೆ ₹6,000 ಸೇರಿಸಿ, ಒಟ್ಟು ₹18,000.

ವರ್ಷದಲ್ಲಿ ಲಭ್ಯವಿರುವ ಕೋಣೆ-ರಾತ್ರಿಗಳು 12 × 365 = 4,380. ಅರ್ಧ ಭರ್ತಿಯಾದರೆ 2,190. ಒಂದು ಕೋಣೆ-ರಾತ್ರಿಗೆ ಸುರಕ್ಷತೆಯ ಖರ್ಚು ₹8.22. ಮದ್ದೂರಿನಂತೆ ವ್ಯಾಪಾರ ಇಳಿದು ಕಾಲು ಭಾಗ ಮಾತ್ರ ಭರ್ತಿಯಾದರೆ 1,095 ರಾತ್ರಿ, ಖರ್ಚು ₹16.44. ಸ್ಥಿರ ವೆಚ್ಚದ ಗುಣವೇ ಇದು: ಮಾರಾಟ ಇಳಿದಷ್ಟೂ ಪ್ರತಿ ಘಟಕಕ್ಕೆ ಹೊರೆ ಹೆಚ್ಚುತ್ತದೆ. ಆದ್ದರಿಂದ ಮಾಲೀಕರ ದೂರು ಪೂರ್ತಿ ಸುಳ್ಳಲ್ಲ. ಆದರೆ ಹೆಚ್ಚಿದ ಮೇಲೂ ಅದು ಒಂದು ಎಳನೀರಿನ ಬೆಲೆಯನ್ನು ಮುಟ್ಟುವುದಿಲ್ಲ.

ತೆರಿಗೆಯ ಜೊತೆ ಹೋಲಿಸಿ. ₹800 ಬಾಡಿಗೆಯ ಕೋಣೆಗೆ 2022ರ ಜುಲೈ 18ರ ಮೊದಲು ಜಿಎಸ್‌ಟಿ ಇರಲಿಲ್ಲ, ಏಕೆಂದರೆ ₹1,000ವರೆಗೆ ವಿನಾಯಿತಿ ಇತ್ತು. ಅಂದಿನಿಂದ ಶೇ. 12, ಅಂದರೆ ₹96. 2025ರ ಸೆಪ್ಟೆಂಬರ್ 22ರಿಂದ ಶೇ. 5, ಅಂದರೆ ₹40. ನೋಂದಣಿಯಾದ ಲಾಡ್ಜಿನ ಗಿರಾಕಿಗೆ ₹56 ಉಳಿತಾಯ. ಮೂರೇ ವರ್ಷದಲ್ಲಿ ತೆರಿಗೆ ನಿಯಮ ಎರಡು ಸಲ ನವೀಕರಣವಾಯಿತು. ಪಿಜಿ, ಹಾಸ್ಟೆಲ್‌ಗಳಿಗೂ 2024ರ ಜುಲೈ 15ರಿಂದ ಸ್ಪಷ್ಟ ನಿಯಮ ಬಂತು: ತಿಂಗಳಿಗೆ ₹20,000 ಮೀರದೆ, ಸತತ 90 ದಿನ ಇದ್ದರೆ ವಿನಾಯಿತಿ. ತೆರಿಗೆಯನ್ನು ಇಷ್ಟು ಚುರುಕಾಗಿ ತಿದ್ದಬಹುದಾದರೆ, ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂಬುದನ್ನೂ ತಿದ್ದಬಹುದು.

ಒಂದು ತೊಡಕಿದೆ. ಈಗಿನ ಶೇ. 5ರ ದರದಲ್ಲಿ ಹೂಡುವಳಿ ತೆರಿಗೆ ಜಮೆ ಇಲ್ಲ. ಅಂದರೆ ಅಗ್ನಿಶಾಮಕ ಸಾಧನ ಕೊಂಡಾಗ ಕೊಟ್ಟ ತೆರಿಗೆಯನ್ನು ಮಾಲೀಕರು ಹೊಂದಿಸಿಕೊಳ್ಳಲಾಗದು. ಅದು ಅವರ ವೆಚ್ಚಕ್ಕೇ ಸೇರುತ್ತದೆ. ಸುರಕ್ಷತಾ ಸಾಧನಗಳಿಗಾದರೂ ಸರ್ಕಾರ ಇಲ್ಲಿ ರಿಯಾಯಿತಿ ಕೊಟ್ಟರೆ ಸಣ್ಣ ಮಾಲೀಕರಿಗೆ ನೆಪ ಉಳಿಯುವುದಿಲ್ಲ.

ದಂಡವೊಂದೇ ದಾರಿಯಲ್ಲ

1980ರ ನವೆಂಬರ್ 21ರಂದು ಅಮೆರಿಕದ ಲಾಸ್ ವೇಗಸ್‌ನ ದೊಡ್ಡ ಹೋಟೆಲೊಂದರಲ್ಲಿ ಬೆಂಕಿ ಬಿದ್ದು 85 ಜನ ಸತ್ತರು. ಅಲ್ಲಿ 1990ರಲ್ಲಿ ಬಂದ ಹೋಟೆಲ್ ಅಗ್ನಿ ಸುರಕ್ಷತಾ ಕಾಯ್ದೆಯ ಉಪಾಯ ನನಗೆ ಬಹಳ ಹಿಡಿಸಿತು. ಕೇಂದ್ರ ಸರ್ಕಾರದ ನೌಕರರು ಕೆಲಸದ ಮೇಲೆ ಹೋದಾಗ ಹೊಗೆ ಸೂಚಕ ಇರುವ, ಮೂರಕ್ಕಿಂತ ಹೆಚ್ಚು ಅಂತಸ್ತಿದ್ದರೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಕೂಡ ಇರುವ ಹೋಟೆಲುಗಳಲ್ಲೇ ತಂಗಬೇಕು ಎಂಬ ದಿಕ್ಕಿನ ಕಾಯ್ದೆ ಅದು. ಸರ್ಕಾರವೇ ದೊಡ್ಡ ಗಿರಾಕಿ. ಆ ಗಿರಾಕಿಯನ್ನು ಕಳೆದುಕೊಳ್ಳಲು ಯಾವ ಹೋಟೆಲೂ ಬಯಸುವುದಿಲ್ಲ.

ನಮ್ಮಲ್ಲೂ ಇದು ಆಗಬಹುದು. ಸರ್ಕಾರಿ ನೌಕರರ ಪ್ರಯಾಣ ಭತ್ಯೆಯಲ್ಲಿ ಲಾಡ್ಜ್ ಬಿಲ್ ಪಾವತಿಸುವಾಗ ಸುರಕ್ಷತಾ ಪ್ರಮಾಣಪತ್ರದ ಸಂಖ್ಯೆ ಕೇಳಲಿ. ಶಾಲಾ ಕಾಲೇಜು ಪ್ರವಾಸಗಳಿಗೆ ಅನುಮತಿ ಕೊಡುವಾಗ ತಂಗುವ ಜಾಗದ ಪ್ರಮಾಣಪತ್ರ ಲಗತ್ತಿಸಲು ಹೇಳಲಿ. ಆಗ ಇನ್ಸ್‌ಪೆಕ್ಟರ್ ಬರುವ ದಿನ ಮಾತ್ರವಲ್ಲ, ಪ್ರತಿ ದಿನವೂ ಮಾಲೀಕರಿಗೆ ನಿಯಮ ಪಾಲಿಸಲು ಕಾರಣ ಸಿಗುತ್ತದೆ.

ಹಾಗಾದರೆ ಹೊಸ ನಿಯಮ ಹೇಗಿರಬೇಕು? ನನ್ನ ಅಭಿಪ್ರಾಯದಲ್ಲಿ ನಾಲ್ಕು ಅಂಶ. (1) ಲಾಡ್ಜ್, ಹೋಮ್‌ಸ್ಟೇ, ಪಿಜಿ, ಛತ್ರ, ಮುಸಾಫಿರ್‌ಖಾನೆ ಹೆಸರು ಏನೇ ಇರಲಿ, ಮಂಚಗಳ ಸಂಖ್ಯೆಯ ಮೇಲೆ ವರ್ಗೀಕರಣ. ಧರ್ಮಾರ್ಥವಾಗಿ ನಡೆಯುವ ಜಾಗಕ್ಕೂ ವಿನಾಯಿತಿ ಬೇಡ, ಏಕೆಂದರೆ ಹೊಗೆಗೆ ಲಾಭ ನಷ್ಟ ಗೊತ್ತಾಗುವುದಿಲ್ಲ. (2) ಎಲ್ಲ ಇಲಾಖೆಗಳಿಗೆ ಸೇರಿ ಒಂದೇ ಪುಟದ ತಪಾಸಣಾ ಪಟ್ಟಿ, ಅದನ್ನು ದರಪಟ್ಟಿಯ ಪಕ್ಕದಲ್ಲೇ ಕನ್ನಡದಲ್ಲಿ ಪ್ರದರ್ಶಿಸಬೇಕು. (3) ಅಲ್ಲೇ ಮಲಗುವ ಕೆಲಸಗಾರರನ್ನೂ ನಿವಾಸಿಗಳ ಲೆಕ್ಕಕ್ಕೆ ಸೇರಿಸಬೇಕು. (4) ಐದು ವರ್ಷಕ್ಕೊಮ್ಮೆ ನಿಯಮವನ್ನೇ ಮರುಪರಿಶೀಲಿಸುವ ಷರತ್ತು ನಿಯಮದೊಳಗೇ ಇರಬೇಕು. ಆಗ ಮುಂದಿನ ದುರಂತಕ್ಕಾಗಿ ಕಾಯಬೇಕಿಲ್ಲ.

ಕೋಣೆ ಹಿಡಿಯುವ ಮೊದಲು ಕೇಳಬೇಕಾದದ್ದು

‘ಗ್ರಾಹಕ ಸಂರಕ್ಷಣೆ’ ಪಾಠದಲ್ಲಿ ಆರು ಹಕ್ಕುಗಳನ್ನು ಓದುತ್ತೇವೆ. ಮೊದಲನೆಯದೇ ಸುರಕ್ಷತೆಯ ಹಕ್ಕು, ಎರಡನೆಯದು ಮಾಹಿತಿಯ ಹಕ್ಕು. ಕೇಳುವುದಕ್ಕೆ ಸಂಕೋಚ ಬೇಡ. ಪಿಜಿಗೆ ಮುಂಗಡ ಕೊಡುವ ಮೊದಲು ಇವನ್ನು ನೋಡಿ:

1. ಹೊರಹೋಗಲು ಎರಡನೇ ದಾರಿ ಇದೆಯೇ? ರಾತ್ರಿ ಅದಕ್ಕೆ ಬೀಗ ಹಾಕುತ್ತಾರೆಯೇ?
2. ಕಿಟಕಿ ತೆರೆಯುತ್ತದೆಯೇ? ಸರಳುಗಳ ನಡುವೆ ತುರ್ತಿಗೆ ತೆರೆಯುವ ಭಾಗ ಇದೆಯೇ?
3. ಕೋಣೆಯ ಉದ್ದ ಅಗಲ ಗುಣಿಸಿ, ಮಂಚಗಳ ಸಂಖ್ಯೆಯಿಂದ ಭಾಗಿಸಿ. ಎಷ್ಟು ಬಂತು?
4. ಗ್ಯಾಸ್ ಗೀಸರ್ ಸ್ನಾನದ ಮನೆಯ ಒಳಗಿದೆಯೇ, ಹೊರಗಿದೆಯೇ?
5. ಸ್ಕೂಟರ್‌ಗಳನ್ನು ಎಲ್ಲಿ ಚಾರ್ಜ್ ಮಾಡುತ್ತಾರೆ?
6. ನೀರಿನ ತೊಟ್ಟಿಗೆ ಮುಚ್ಚಳ ಇದೆಯೇ? ಕೊನೆಯ ಸಲ ತೊಳೆದದ್ದು ಯಾವಾಗ?
7. ಪರವಾನಗಿ ಗೋಡೆಯ ಮೇಲಿದೆಯೇ? ಅವಧಿ ಮುಗಿದಿದೆಯೇ?

ತುರ್ತು ಸಂದರ್ಭಕ್ಕೆ 112, ಬೆಂಕಿಗೆ 101, ಗ್ರಾಹಕ ದೂರಿಗೆ 1915. ಈ ಮೂರು ಸಂಖ್ಯೆಗಳನ್ನು ಇಂದೇ ಫೋನಿನಲ್ಲಿ ಉಳಿಸಿಕೊಳ್ಳಿ.

ಅಭ್ಯಾಸ

ಅ) 20 ಕೋಣೆಗಳ ಲಾಡ್ಜ್ ಸುರಕ್ಷತೆಗೆ ₹1,00,000 ಹೂಡಿದೆ. ಬಾಳಿಕೆ 5 ವರ್ಷ, ಭರ್ತಿ ಪ್ರಮಾಣ ಶೇ. 40, ವರ್ಷದ ನಿರ್ವಹಣೆ ₹9,200. ಒಂದು ಕೋಣೆ-ರಾತ್ರಿಗೆ ತಗಲುವ ಖರ್ಚು ಎಷ್ಟು? (ಉತ್ತರ: ₹10)

ಆ) ಒಂದು ಹೋಮ್‌ಸ್ಟೇಯಲ್ಲಿ ಅತಿಥಿ ನದಿಗಿಳಿದು ಅಪಾಯಕ್ಕೆ ಸಿಕ್ಕರೆ ಮಾಲೀಕರ ಹೊಣೆ ಎಲ್ಲಿಯವರೆಗೆ? ಗುಂಪಿನಲ್ಲಿ ಚರ್ಚಿಸಿ.

ಇ) ನಿಮ್ಮ ಮನೆಯವರಲ್ಲಿ ಯಾರಾದರೂ ಕೆಲಸದ ಜಾಗದಲ್ಲೇ ರಾತ್ರಿ ಮಲಗುತ್ತಾರೆಯೇ? ಅಲ್ಲಿಂದ ಹೊರಬರಲು ಎಷ್ಟು ದಾರಿಗಳಿವೆ ಎಂದು ಅವರನ್ನು ಕೇಳಿ, ಒಂದು ಚಿಕ್ಕ ನಕ್ಷೆ ಬರೆದು ತನ್ನಿ.